ಬೀದಿಯಲ್ಲಿರುವ ಮನೋರೋಗಿಗಳನ್ನು ತಲುಪುವ ಕೆಲಸ ಎಲ್ಲಿ ಎಡವುತ್ತದೆ?

ಬೀದಿಯಲ್ಲೇ ಬದುಕುತ್ತಿರುವ, ಜೊತೆಗೆ ತೀವ್ರ ಮಾನಸಿಕ ಕಾಯಿಲೆಯಿಂದಲೂ ಬಳಲುತ್ತಿರುವ ಜನರ ವಿಷಯ ಚರ್ಚೆಗೆ ಬಂದಾಗಲೆಲ್ಲ ಮಾತು ಬಹುಬೇಗ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತದೆ: ಚಿಕಿತ್ಸೆ ಬೇಡವೆನ್ನುವವರನ್ನು ಬಲವಂತವಾಗಿ ಆಸ್ಪತ್ರೆಗೆ ಸೇರಿಸಬಹುದೇ? ನ್ಯೂಯಾರ್ಕ್ ನಗರದ ಮೇಯರ್ 2022ರ ನವೆಂಬರ್‌ನಲ್ಲಿ, ತಮ್ಮ ಮೂಲಭೂತ ಅಗತ್ಯಗಳನ್ನು ತಾವೇ ನೋಡಿಕೊಳ್ಳಲಾಗದವರನ್ನು ಅವರಿಂದ ತಕ್ಷಣದ ಅಪಾಯ ಕಾಣದಿದ್ದರೂ ಆಸ್ಪತ್ರೆಗೆ ಕರೆದೊಯ್ಯಬಹುದೆಂದು ಸೂಚಿಸಿದರು. ಮರುವರ್ಷ ಕ್ಯಾಲಿಫೋರ್ನಿಯಾ ರಾಜ್ಯ ಬಲವಂತದ ದಾಖಲಾತಿಯ ಮಾನದಂಡವನ್ನು ಕಾನೂನಿನ ಮೂಲಕವೇ ಹಿಗ್ಗಿಸಿತು. 2025ರ ಜುಲೈನಲ್ಲಿ ಅಮೆರಿಕದ ಅಧ್ಯಕ್ಷರು ಹೊರಡಿಸಿದ ಆದೇಶವಂತೂ ಇಂಥ ದಾಖಲಾತಿಯನ್ನೇ ಪ್ರೋತ್ಸಾಹಿಸಿ, ಚಿಕಿತ್ಸೆಯ ಷರತ್ತಿಲ್ಲದೆ ಮೊದಲು ಮನೆ ಕೊಡುವ ನೀತಿಯಿಂದ ಕೇಂದ್ರ ಸರ್ಕಾರದ ಬೆಂಬಲವನ್ನು ಹಿಂತೆಗೆಯಲು ಹೇಳಿತು. ಇದನ್ನು ವಿರೋಧಿಸುವವರು ವ್ಯಕ್ತಿಸ್ವಾತಂತ್ರ್ಯದ ಹೆಸರಿನಲ್ಲಿ ವಾದಿಸುತ್ತಾರೆ. ಎರಡೂ ಬಣಗಳು ಒಂದು ವಿಷಯದಲ್ಲಿ ಒಪ್ಪಿಕೊಂಡಂತಿದೆ: ಸಮಸ್ಯೆಯ ಕೇಂದ್ರದಲ್ಲಿರುವುದು ರೋಗಿಯ ನಿರಾಕರಣೆ. ಆದರೆ ಬೀದಿಗಿಳಿದು ಕೆಲಸ ಮಾಡುವವರ ದಿನಚರಿಯನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ ನಿರಾಕರಣೆ ಕಥೆಯ ಒಂದು ಭಾಗ ಮಾತ್ರ, ಅದೂ ಬಹುಮಟ್ಟಿಗೆ ಸಮಯ ಸಿಕ್ಕರೆ ಕರಗುವ ಭಾಗ ಎಂದು ತೋರುತ್ತದೆ. ಒಪ್ಪಿಗೆ ಸಿಕ್ಕ ಮೇಲೆ ಅವರನ್ನು ಕರೆದುಕೊಂಡು ಹೋಗುವುದು ಎಲ್ಲಿಗೆ ಎಂಬುದು ಅದಕ್ಕಿಂತ ಕಠಿಣವಾದ ಪ್ರಶ್ನೆ.

ಮೊದಲು ಒಂದು ತಪ್ಪು ಗ್ರಹಿಕೆಯನ್ನು ಬದಿಗಿಡಬೇಕು. ಬೀದಿಯಲ್ಲಿರುವವರೆಲ್ಲ ಮನೋರೋಗಿಗಳಲ್ಲ, ಮನೋರೋಗ ಬಂದವರೆಲ್ಲ ಬೀದಿಗೆ ಬೀಳುವುದೂ ಇಲ್ಲ. ಶ್ರೀಮಂತ ದೇಶಗಳಲ್ಲಿ ನಡೆದ 39 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ 2021ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರ ಪ್ರಕಾರ, ವಸತಿರಹಿತರಲ್ಲಿ ಸುಮಾರು 76 ಶೇಕಡಾ ಮಂದಿಗೆ ಯಾವುದಾದರೊಂದು ಮಾನಸಿಕ ತೊಂದರೆಯಿತ್ತು. ಈ ದೊಡ್ಡ ಸಂಖ್ಯೆಯಲ್ಲಿ ಮದ್ಯವ್ಯಸನವೂ (36.7 ಶೇಕಡಾ) ಮಾದಕವಸ್ತುಗಳ ವ್ಯಸನವೂ (21.7 ಶೇಕಡಾ) ಸೇರಿವೆ. ಇಲ್ಲದ ಧ್ವನಿ ಕೇಳಿಸುವ, ಭ್ರಮೆ ಹುಟ್ಟಿಸುವ ಸ್ಕಿಜೋಫ್ರೇನಿಯಾ ಮತ್ತು ಅದೇ ಗುಂಪಿನ ಕಾಯಿಲೆಗಳ ಪ್ರಮಾಣ 12.4 ಶೇಕಡಾ, ತೀವ್ರ ಖಿನ್ನತೆಯದು 12.6 ಶೇಕಡಾ. ಸ್ಕಿಜೋಫ್ರೇನಿಯಾದ ಈ ಪ್ರಮಾಣ ಸಾಮಾನ್ಯ ಜನರಲ್ಲಿ ಕಾಣುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಎಂಬುದು ನಿಜ. ಆದರೂ ಹತ್ತು ಜನರಲ್ಲಿ ಎಂಟೊಂಬತ್ತು ಮಂದಿಗೆ ಆ ಕಾಯಿಲೆ ಇಲ್ಲ ಎಂಬುದೂ ಅದೇ ಅಂಕಿಯಲ್ಲಿದೆ. ಇನ್ನು ಕಾಯಿಲೆಯಿಂದ ಬೀದಿಗೆ ಬಂದರೇ, ಬೀದಿಗೆ ಬಂದುದರಿಂದ ಕಾಯಿಲೆಯಾಯಿತೇ ಎಂದರೆ ಎರಡೂ ನಡೆಯುತ್ತದೆ. ನಿದ್ದೆಯಿಲ್ಲದ ರಾತ್ರಿಗಳು, ಹೊಡೆತ, ಕಳ್ಳತನ, ಲೈಂಗಿಕ ದೌರ್ಜನ್ಯ ಇವೆಲ್ಲ ನೆಟ್ಟಗಿದ್ದ ಮನಸ್ಸನ್ನೂ ಕೆಡಿಸಬಲ್ಲವು.

ಬೀದಿಯಲ್ಲಿ ನಡೆಯುವ ಸಂಪರ್ಕ ಕಾರ್ಯ, ಅಂದರೆ ಕಾರ್ಯಕರ್ತರು ತಮ್ಮತಮ್ಮಲ್ಲಿ ಔಟ್‌ರೀಚ್ ಎಂದೇ ಕರೆಯುವ ಕೆಲಸ, ಹೊರಗಿನಿಂದ ನೋಡುವವರಿಗೆ ಬಹುತೇಕ ಏನೂ ನಡೆಯದಂತೆ ಕಾಣುತ್ತದೆ. ಅನುಭವವಿರುವ ಕಾರ್ಯಕರ್ತೆ ವ್ಯಕ್ತಿಯ ಎದುರಿಗೆ ಹೋಗಿ ನಿಲ್ಲುವುದಿಲ್ಲ; ಪಕ್ಕದಲ್ಲಿ, ಅವರು ಎದ್ದು ಹೋಗಬೇಕೆನಿಸಿದರೆ ದಾರಿ ತಡೆಯದ ಹಾಗೆ, ಎರಡು ಮಾರು ದೂರದಲ್ಲಿ ಕೂರುತ್ತಾಳೆ. ಕೂರುವ ಮೊದಲು ಕೂರಬಹುದೇ ಎಂದು ಕೇಳುತ್ತಾಳೆ, ಏಕೆಂದರೆ ಆ ಹಾಸಿದ ರಟ್ಟಿನ ತುಂಡೇ ಅವರ ಮನೆ. ಮೊದಲ ಭೇಟಿಯಲ್ಲಿ ಹೆಸರು ಕೇಳುವುದಿಲ್ಲ, ಎದುರಿಗೇ ನೋಟ್‌ಪುಸ್ತಕ ತೆರೆದು ಬರೆಯುವುದಿಲ್ಲ. ಸಾಕ್ಸ್, ನೀರು, ಹೊದಿಕೆ ಇಂಥದ್ದೇನಾದರೂ ಇದ್ದರೆ ಕೈಗೆ ಕೊಡುವ ಬದಲು ಅವರ ಕೈಗೆಟುಕುವಲ್ಲಿ ಇಡುತ್ತಾಳೆ. ಗುರುವಾರ ಬರುತ್ತೇನೆ ಎಂದು ಹೇಳಿದ್ದರೆ ಮಳೆ ಸುರಿದರೂ ಗುರುವಾರವೇ ಬರುತ್ತಾಳೆ. ಕಾಲಿನ ಹುಣ್ಣಿಗೆ ಔಷಧ ಹಚ್ಚಿಸಿಕೊಳ್ಳಲು ಒಪ್ಪುವ ವ್ಯಕ್ತಿ ಮನಸ್ಸಿನ ಔಷಧದ ಮಾತೆತ್ತಿದರೆ ಮುಖ ತಿರುಗಿಸಬಹುದು. ಹಾಗಾಗಿ ಎಷ್ಟೋ ಕಡೆ ಮನೋವೈದ್ಯಕೀಯದ ಕೆಲಸ ಪಾದದಿಂದಲೇ ಶುರುವಾಗುತ್ತದೆ. ವಾರಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಇದು ಹೀಗೇ ಸಾಗುತ್ತದೆ. ಈ ಹಂತದಲ್ಲಿ ಮೇಲಧಿಕಾರಿಗೆ ತೋರಿಸಲು ಕೈಯಲ್ಲಿ ಏನೂ ಇರುವುದಿಲ್ಲ.

ನಿರಾಕರಣೆ ಎಂದು ವರದಿಯಲ್ಲಿ ಒಂದೇ ಪದದಲ್ಲಿ ದಾಖಲಾಗುವುದರ ಹಿಂದೆ ಬೇರೆಬೇರೆ ಕಾರಣಗಳಿರುತ್ತವೆ. ಒಬ್ಬರಿಗೆ ಹಿಂದೊಮ್ಮೆ ಆಸ್ಪತ್ರೆಯಲ್ಲಿ ಕೈಕಾಲು ಕಟ್ಟಿ ಇಂಜೆಕ್ಷನ್ ಕೊಟ್ಟ ನೆನಪಿರುತ್ತದೆ. ಇನ್ನೊಬ್ಬರು ವಸತಿರಹಿತರ ತಂಗುದಾಣಕ್ಕೆ ಬರಲು ಒಪ್ಪದಿರುವುದು ಅಲ್ಲಿ ಚೀಲಕ್ಕೆ, ನಾಯಿಗೆ ಅಥವಾ ಸಂಗಾತಿಗೆ ಪ್ರವೇಶವಿಲ್ಲದ ಕಾರಣಕ್ಕೆ. ಒಬ್ಬ ಹೆಂಗಸು ಮಾತ್ರೆ ಬೇಡವೆನ್ನುವುದು ಅದು ತರುವ ಮಂಪರಿನ ಭಯಕ್ಕೆ. ರಾತ್ರಿ ಎಚ್ಚರವಿಲ್ಲದೆ ಮಲಗಿದರೆ ಏನಾಗಬಹುದೆಂದು ಆಕೆಗೆ ಗೊತ್ತಿದೆ, ಬರೆದುಕೊಡುವ ವೈದ್ಯರಿಗೆ ಅದು ಹೊಳೆಯದೇ ಇರಬಹುದು. ಇವೆಲ್ಲ ಕಾಯಿಲೆಯ ಲಕ್ಷಣಗಳಲ್ಲ, ಅನುಭವದಿಂದ ಬಂದ ಲೆಕ್ಕಾಚಾರಗಳು. ಇವುಗಳ ಜೊತೆಗೇ, ತನಗೆ ಕಾಯಿಲೆಯಿದೆ ಎಂಬ ಅರಿವೇ ಇಲ್ಲದ ಸ್ಥಿತಿಯೂ ಉಂಟು. ಸ್ಕಿಜೋಫ್ರೇನಿಯಾ ಇರುವ ಅನೇಕರಲ್ಲಿ ಈ ಅರಿವಿನ ಕೊರತೆ ಹಟದಿಂದ ಬಂದದ್ದಲ್ಲ, ಕಾಯಿಲೆಯದೇ ಒಂದು ಭಾಗ. ಅವರೊಂದಿಗೆ ‘ನಿಮಗೆ ಹುಷಾರಿಲ್ಲ’ ಎಂದು ವಾದಿಸಿ ಗೆದ್ದವರು ಯಾರೂ ಇಲ್ಲ. ಅವರೇ ತೊಂದರೆ ಎಂದು ಹೇಳಿಕೊಳ್ಳುವ ಸಂಗತಿಯನ್ನು, ಅಂದರೆ ನಿದ್ದೆ ಬರುವುದಿಲ್ಲ, ಯಾರೋ ಬೈಯುವುದು ಕೇಳಿಸುತ್ತದೆ, ಜನ ಸುಮ್ಮನಿರಗೊಡುವುದಿಲ್ಲ ಎಂಬುದನ್ನು ಹಿಡಿದುಕೊಂಡು ಹೋದರೆ ದಾರಿ ಸಿಗುವುದುಂಟು. ಹೀಗಿರುವಾಗ ನಿರಾಕರಣೆಯ ಕಾರಣವನ್ನು ಬಿಡಿಸಿ ನೋಡದೆ ಬಲಪ್ರಯೋಗದ ಪರವಾಗಲಿ ವಿರುದ್ಧವಾಗಲಿ ನಿಲುವು ತಳೆಯುವುದು ಅವಸರದ ಮಾತಾಗುತ್ತದೆ.

ರೋಗನಿರ್ಣಯವೂ ಬೀದಿಯಲ್ಲಿ ಸಲೀಸಲ್ಲ. ಸೆಕೆಗಾಲದಲ್ಲಿ ನಾಲ್ಕು ಅಂಗಿ ತೊಟ್ಟವನು ಭ್ರಮೆಯಿಂದ ಹಾಗೆ ಮಾಡಿರಬಹುದು, ಅಥವಾ ಬಿಚ್ಚಿಟ್ಟರೆ ಕಳ್ಳತನವಾಗುತ್ತದೆಂದು ತೊಟ್ಟಿರಬಹುದು. ಯಾರೋ ಹಿಂಬಾಲಿಸುತ್ತಿದ್ದಾರೆ ಎನ್ನುವವನನ್ನು ನಿಜಕ್ಕೂ ಯಾರೋ ಹಿಂಬಾಲಿಸುತ್ತಿರಬಹುದು. ಮೈಮೇಲಿನ ಕೊಳೆಯನ್ನು ಗಂಡಸರನ್ನು ದೂರವಿಡುವ ರಕ್ಷೆಯೆಂದೇ ಉಳಿಸಿಕೊಳ್ಳುವ ಹೆಂಗಸರಿದ್ದಾರೆ. ಇತ್ತ ತಲೆಗೆ ಬಿದ್ದ ಹಳೆಯ ಪೆಟ್ಟು, ಥೈರಾಯ್ಡ್ ತೊಂದರೆ, ಬಿ12 ಜೀವಸತ್ವದ ಕೊರತೆ, ಮಿದುಳಿಗೆ ಹರಡಿದ ಸೋಂಕು, ಮದ್ಯ ಹಠಾತ್ತನೆ ನಿಂತಾಗ ಬರುವ ಗೊಂದಲ ಇವೆಲ್ಲ ಮನೋರೋಗದ ವೇಷದಲ್ಲೇ ಕಾಣಿಸಿಕೊಳ್ಳಬಲ್ಲವು. ರಕ್ತಪರೀಕ್ಷೆಯಿಲ್ಲದೆ, ಹಳೆಯ ಕಡತವಿಲ್ಲದೆ, ಜೊತೆಗಿದ್ದು ನೋಡಿದವರೊಬ್ಬರ ಮಾತೂ ಇಲ್ಲದೆ ಹತ್ತು ನಿಮಿಷದ ಭೇಟಿಯಲ್ಲಿ ಇವುಗಳನ್ನು ಬೇರ್ಪಡಿಸುವುದು ಯಾವ ನಿಪುಣರಿಗೂ ಕಷ್ಟ.

ಔಷಧದ ವಿಷಯದಲ್ಲಿ ಬೀದಿ ಇನ್ನೂ ನಿರ್ದಯಿ. ಮನೋವಿಕಾರ ತಗ್ಗಿಸುವ ಹಲವು ಔಷಧಗಳು ದೇಹ ಶಾಖವನ್ನು ಸರಿದೂಗಿಸಿಕೊಳ್ಳುವ ಶಕ್ತಿಯನ್ನು ಕುಗ್ಗಿಸುತ್ತವೆ. ಬಿಸಿಲಿನಲ್ಲೇ ದಿನ ಕಳೆಯುವವರಿಗೆ ಇದರಿಂದ ಶಾಖಾಘಾತದ ಅಪಾಯ ಹೆಚ್ಚುತ್ತದೆ. ಉನ್ಮಾದ ಮತ್ತು ಖಿನ್ನತೆಗಳ ನಡುವೆ ತೂಗಾಡಿಸುವ ಬೈಪೋಲಾರ್ ಕಾಯಿಲೆಗೆ ಕೊಡುವ ಲಿಥಿಯಂ, ಮೈಯಲ್ಲಿ ನೀರಿನಂಶ ತಗ್ಗಿದರೆ ರಕ್ತದಲ್ಲಿ ಏರಿ ವಿಷವಾಗುತ್ತದೆ, ಸಾಲದ್ದಕ್ಕೆ ಮೂತ್ರವಿಸರ್ಜನೆಯನ್ನೂ ಹೆಚ್ಚಿಸುತ್ತದೆ. ಕುಡಿಯುವ ನೀರಿಗೂ ಶೌಚಾಲಯಕ್ಕೂ ಅಲೆಯಬೇಕಾದವರಿಗೆ ಅದನ್ನು ಬರೆದುಕೊಡುವುದೆಂದರೆ ಏನರ್ಥ ಎಂದು ಯೋಚಿಸಬೇಕು. ಬೇರೆ ಔಷಧಗಳಿಗೆ ಬಗ್ಗದ ಸ್ಕಿಜೋಫ್ರೇನಿಯಾಕ್ಕೆ ಕ್ಲೋಜಪಿನ್ ಪರಿಣಾಮಕಾರಿ. ಆದರೆ ಅದು ಬಿಳಿರಕ್ತಕಣಗಳನ್ನು ಅಪಾಯಕರವಾಗಿ ಇಳಿಸಬಹುದಾದ್ದರಿಂದ ಆರಂಭದ ತಿಂಗಳುಗಳಲ್ಲಿ ಮತ್ತೆಮತ್ತೆ ರಕ್ತಪರೀಕ್ಷೆ ಮಾಡಬೇಕು; ಮುಂದಿನ ವಾರ ಎಲ್ಲಿರುತ್ತಾರೋ ತಿಳಿಯದವರಿಗೆ ಇದು ಸುಲಭಸಾಧ್ಯವಲ್ಲ. ತಿಂಗಳಿಗೊಮ್ಮೆ ಅಥವಾ ಮೂರು ತಿಂಗಳಿಗೊಮ್ಮೆ ಕೊಡುವ ದೀರ್ಘಕಾಲೀನ ಇಂಜೆಕ್ಷನ್‌ಗಳು ಈ ಕಷ್ಟವನ್ನು ಸ್ವಲ್ಪ ತಗ್ಗಿಸಿವೆ. ಮಾತ್ರೆ ಕಳೆದುಹೋಗುವ, ಕದ್ದುಹೋಗುವ ಚಿಂತೆ ಅಲ್ಲಿಲ್ಲ. ಆದರೆ ಅಡ್ಡಪರಿಣಾಮ ಶುರುವಾದರೆ ಒಳಹೋದ ಔಷಧವನ್ನು ಹೊರತೆಗೆಯುವಂತಿಲ್ಲ. ಆದ್ದರಿಂದ ಒಪ್ಪಿಗೆ ಪಡೆಯುವುದು ಇಲ್ಲಿ ಇನ್ನಷ್ಟು ಸೂಕ್ಷ್ಮ.

ಈಗ ಬಲವಂತದ ಪ್ರಶ್ನೆಗೆ ಬರೋಣ. ಬಹುತೇಕ ದೇಶಗಳ ಕಾನೂನು ಕೆಲವು ಸಂದರ್ಭಗಳಲ್ಲಿ ಇದಕ್ಕೆ ಅವಕಾಶ ಕೊಟ್ಟೇ ಇದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1983ರ ಮಾನಸಿಕ ಆರೋಗ್ಯ ಕಾಯ್ದೆಯ 136ನೇ ಕಲಮಿನ ಅಡಿಯಲ್ಲಿ ಪೊಲೀಸರು ಸಾರ್ವಜನಿಕ ಸ್ಥಳದಲ್ಲಿರುವ ವ್ಯಕ್ತಿಯನ್ನು ಸುರಕ್ಷಿತ ಸ್ಥಳಕ್ಕೆ ಒಯ್ಯಬಹುದು. ಅಲ್ಲಿ ಇರಿಸಿಕೊಳ್ಳಬಹುದಾದ, ಮೊದಲು 72 ಗಂಟೆಗಳಿದ್ದ ಅವಧಿಯನ್ನು 2017ರಲ್ಲಿ 24 ಗಂಟೆಗಳಿಗೆ ಇಳಿಸಲಾಯಿತು. ಭಾರತದ 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 100ನೇ ಕಲಮು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಇದನ್ನು ಪೊಲೀಸರ ಕರ್ತವ್ಯವೆಂದೇ ಹೇಳುತ್ತದೆ: ಅಲೆದಾಡುತ್ತಿರುವ, ತನ್ನನ್ನು ತಾನು ನೋಡಿಕೊಳ್ಳಲಾಗದ ಮನೋರೋಗಿಯೆಂದು ಕಂಡವರನ್ನು ರಕ್ಷಣೆಗೆ ತೆಗೆದುಕೊಂಡು 24 ಗಂಟೆಗಳೊಳಗೆ ಹತ್ತಿರದ ಸಾರ್ವಜನಿಕ ಆರೋಗ್ಯ ಕೇಂದ್ರಕ್ಕೆ ತಲುಪಿಸಬೇಕು, ಯಾವ ಕಾರಣಕ್ಕೂ ಲಾಕಪ್‌ನಲ್ಲಾಗಲಿ ಜೈಲಿನಲ್ಲಾಗಲಿ ಇಡಬಾರದು, ವಸತಿರಹಿತರಾಗಿದ್ದರೆ ಕಾಣೆಯಾದವರ ಪ್ರಕರಣ ದಾಖಲಿಸಿ ಕುಟುಂಬವನ್ನು ಹುಡುಕಬೇಕು. ಕಾಗದದ ಮೇಲೆ ಇದು ಸೊಗಸಾಗಿದೆ. ದಾಖಲಾತಿ ಅಗತ್ಯವಿಲ್ಲವೆಂದು ವೈದ್ಯರು ಹೇಳಿದರೆ ವಸತಿರಹಿತರನ್ನು ಸರ್ಕಾರಿ ಆಶ್ರಯಕೇಂದ್ರಕ್ಕೆ ಬಿಡಬೇಕೆಂದೂ ಅದೇ ಕಲಮು ಹೇಳುತ್ತದೆ. ಅಂಥ ಕೇಂದ್ರ ಇಲ್ಲದಿದ್ದರೆ, ಅಥವಾ ಇದ್ದೂ ಮನೋರೋಗಿಗಳನ್ನು ಬಾಗಿಲಲ್ಲೇ ತಡೆದರೆ, ಪೊಲೀಸರ ಜೀಪು ಹೊರಟಲ್ಲಿಗೇ ಮರಳುತ್ತದೆ.

ಬಲವಂತದ ಮಿತಿಯನ್ನು ತೋರಿಸುವ ಪ್ರಕರಣವೊಂದು 1987ರಲ್ಲಿ ನ್ಯೂಯಾರ್ಕಿನಲ್ಲಿ ನಡೆಯಿತು. ಮ್ಯಾನ್‌ಹ್ಯಾಟನ್‌ನ ಪಾದಚಾರಿ ಮಾರ್ಗದಲ್ಲಿ ಬದುಕುತ್ತಿದ್ದ ಮಹಿಳೆಯೊಬ್ಬರನ್ನು ನಗರಾಡಳಿತದ ತಂಡ ಅವರ ಇಚ್ಛೆಗೆ ವಿರುದ್ಧವಾಗಿ ಬೆಲ್‌ವ್ಯೂ ಆಸ್ಪತ್ರೆಗೆ ಸೇರಿಸಿತು. ದಾರಿಹೋಕರು ಕೊಟ್ಟ ನೋಟುಗಳನ್ನು ಆಕೆ ಹರಿದು ಸುಡುತ್ತಿದ್ದುದು ಕಾಯಿಲೆಯ ಲಕ್ಷಣವೆಂದು ಆಡಳಿತದ ಕಡೆಯ ಮನೋವೈದ್ಯರು ಹೇಳಿದರೆ, ಬೇಡವೆಂದರೂ ದುಡ್ಡೆಸೆದು ಹೋಗುವುದು ತನಗೆ ಮಾಡುವ ಅವಮಾನ ಎಂಬ ಅರ್ಥದ ವಿವರಣೆಯನ್ನು ಆಕೆ ಕೊಟ್ಟರು. ಆಕೆಯ ಪರ ನಿಂತ ಮನೋವೈದ್ಯರಿಗೆ ಅದು ಅಸಂಬದ್ಧವಾಗಿ ಕಾಣಲಿಲ್ಲ. ಮೊದಲ ನ್ಯಾಯಾಧೀಶರು ಬಿಡುಗಡೆಗೆ ಆದೇಶಿಸಿದರು, ಮೇಲಿನ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಕೊನೆಗೆ ಬಲವಂತವಾಗಿ ಔಷಧ ಕೊಡಲು ನ್ಯಾಯಾಲಯ ಒಪ್ಪದಿದ್ದಾಗ, ಸುಮಾರು ಮೂರು ತಿಂಗಳ ನಂತರ ಆಸ್ಪತ್ರೆ ಆಕೆಯನ್ನು ಕಳುಹಿಸಿಬಿಟ್ಟಿತು. ಆ ಮೂರು ತಿಂಗಳೂ ವಾದ ನಡೆದದ್ದು ಆಕೆಯ ಮನಸ್ಸಿನ ಬಗ್ಗೆ. ನಗರದಲ್ಲಿ ಆಕೆಯಂಥವರಿಗೆ ಬಾಡಿಗೆ ಮನೆ ಇದೆಯೇ ಎಂಬ ಪ್ರಶ್ನೆಯ ಮೇಲೆ ಯಾವ ನ್ಯಾಯಾಲಯವೂ ತೀರ್ಪು ಕೊಡಬೇಕಾಗಿರಲಿಲ್ಲ.

ಇಲ್ಲಿ ನನ್ನ ನಿಲುವನ್ನು ಹೇಳಿಬಿಡುತ್ತೇನೆ. ಕೊಳೆತ ಗಾಯ, ಅನ್ನನೀರು ಬಿಟ್ಟ ಸ್ಥಿತಿ, ಆತ್ಮಹತ್ಯೆಯ ಯತ್ನ ಇಂಥ ಸಂದರ್ಭಗಳಲ್ಲಿ ಒಪ್ಪಿಗೆಗಾಗಿ ಕಾಯುತ್ತ ಕೂರುವುದು ಸ್ವಾತಂತ್ರ್ಯಕ್ಕೆ ತೋರುವ ಗೌರವವಲ್ಲ, ಕೈಚೆಲ್ಲುವುದು. ಆದರೆ ಎರಡು ವಾರ ಆಸ್ಪತ್ರೆಯಲ್ಲಿಟ್ಟು ಅದೇ ಪಾದಚಾರಿ ಮಾರ್ಗಕ್ಕೆ ಮರಳಿ ಬಿಡುವ ಬಲವಂತಕ್ಕೆ ಯಾವ ಸಮರ್ಥನೆಯೂ ಇಲ್ಲ. ಅದು ಚಿಕಿತ್ಸೆಯನ್ನು ಅರ್ಧಕ್ಕೇ ನಿಲ್ಲಿಸುವುದಲ್ಲದೆ, ಬೀದಿಯಲ್ಲಿ ತಿಂಗಳುಗಟ್ಟಲೆ ಕಟ್ಟಿದ ನಂಬಿಕೆಯನ್ನೂ ಕೆಡವುತ್ತದೆ. ಪೊಲೀಸರನ್ನು ಕರೆತಂದ ಕಾರ್ಯಕರ್ತೆಯ ಜೊತೆ ಆ ವ್ಯಕ್ತಿ ಮತ್ತೆ ಮಾತಾಡುವುದಿಲ್ಲ, ಸುತ್ತಲಿದ್ದು ನೋಡಿದವರೂ ಮಾತಾಡುವುದಿಲ್ಲ. ಆಸ್ಪತ್ರೆಯಿಂದ ಹೊರಬಂದ ಮೊದಲ ವಾರಗಳು ಆತ್ಮಹತ್ಯೆಯ ಅಪಾಯ ತೀರ ಹೆಚ್ಚಿರುವ ಕಾಲ ಎಂಬುದು ಮನೋವೈದ್ಯಶಾಸ್ತ್ರಕ್ಕೆ ಚೆನ್ನಾಗಿ ಗೊತ್ತಿರುವ ಸಂಗತಿ. ಅದೇ ವಾರಗಳಲ್ಲಿ ಸಂಪರ್ಕ ಕಡಿದುಹೋಗುತ್ತದೆ.

ಈ ಚಕ್ರವನ್ನು ಕಣ್ಣಾರೆ ಕಂಡು ಬೇಸತ್ತವರಲ್ಲಿ ಮನಶ್ಶಾಸ್ತ್ರಜ್ಞ ಸ್ಯಾಮ್ ಸೆಂಬೆರಿಸ್ ಒಬ್ಬರು. ನ್ಯೂಯಾರ್ಕಿನಲ್ಲಿ ಬೀದಿಯಿಂದ ಆಸ್ಪತ್ರೆಗೆ ಜನರನ್ನು ಸಾಗಿಸುವ ಕೆಲಸ ಮಾಡಿದ್ದ ಅವರು 1992ರಲ್ಲಿ ಆರಂಭಿಸಿದ ಸಂಸ್ಥೆ, ಕುಡಿತ ಬಿಡಬೇಕು, ಮಾತ್ರೆ ತಿನ್ನಬೇಕು ಎಂಬ ಷರತ್ತಿಲ್ಲದೆ ಮೊದಲು ಬಾಡಿಗೆ ಮನೆಯ ಬೀಗದ ಕೈ ಕೊಟ್ಟು, ಆಮೇಲೆ ಚಿಕಿತ್ಸೆಯನ್ನು ಮನೆಬಾಗಿಲಿಗೆ ಒಯ್ದಿತು. ‘ಹೌಸಿಂಗ್ ಫಸ್ಟ್’ ಎಂದು ಹೆಸರಾದ ಈ ಮಾದರಿಯನ್ನು ಕೆನಡಾ 2009ರಿಂದ 2013ರವರೆಗೆ ವ್ಯಾಂಕೂವರ್, ವಿನ್ನಿಪೆಗ್, ಟೊರೊಂಟೊ, ಮಾಂಟ್ರಿಯಲ್, ಮಾಂಕ್ಟನ್ ನಗರಗಳಲ್ಲಿ, ಮಾನಸಿಕ ಕಾಯಿಲೆಯಿದ್ದ ಎರಡು ಸಾವಿರಕ್ಕೂ ಹೆಚ್ಚು ವಸತಿರಹಿತರ ಮೇಲೆ ಪರೀಕ್ಷಿಸಿತು. ಕೊನೆಯ ಆರು ತಿಂಗಳ ಉದ್ದಕ್ಕೂ ಮನೆಯಲ್ಲೇ ಉಳಿದವರು ಹೌಸಿಂಗ್ ಫಸ್ಟ್ ಪಡೆದವರಲ್ಲಿ 62 ಶೇಕಡಾ. ಎಂದಿನ ಸೇವೆಗಳಷ್ಟೇ ಸಿಕ್ಕವರಲ್ಲಿ 31 ಶೇಕಡಾ. ಇದನ್ನು ಮೆಚ್ಚುವವರು ಹೆಚ್ಚಾಗಿ ಹೇಳದ ಮಾತೊಂದಿದೆ: ಕಾಯಿಲೆಯ ಲಕ್ಷಣಗಳಲ್ಲಿ, ವ್ಯಸನದಲ್ಲಿ ಎರಡು ಗುಂಪುಗಳ ನಡುವೆ ಅಂಥ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಮನೆ ಕೊಟ್ಟರೆ ಮನೆ ಉಳಿಯುತ್ತದೆ; ಕಾಯಿಲೆ ವಾಸಿಯಾಗಲು ಬೇರೆ ಕೆಲಸ ಬೇಕು. ಟೀಕಾಕಾರರು ಇದನ್ನೇ ಹಿಡಿದು ಮಾದರಿ ಸೋತಿತೆನ್ನುತ್ತಾರೆ. ಆದರೆ ಸೂರು ಒದಗಿಸುವ ಯೋಜನೆಯನ್ನು ಮನೋವಿಕಾರ ಗುಣಪಡಿಸಲಿಲ್ಲವೆಂದು ದೂರುವುದು, ಕೊಡೆ ಹಿಡಿದರೂ ಜ್ವರ ಇಳಿಯಲಿಲ್ಲ ಎಂದು ಕೊಡೆಯನ್ನು ಎಸೆದಂತೆ.

ಭಾರತದಲ್ಲಿ ಈ ಪ್ರಶ್ನೆಗೆ ಇನ್ನೊಂದು ಮುಖವಿದೆ. ಕಾಯಿಲೆಯ ಭರದಲ್ಲಿ ರೈಲು ಹತ್ತಿ ಸಾವಿರಾರು ಕಿಲೋಮೀಟರ್ ದಾಟಿ ಬಂದವರಿಗೆ ಇಳಿದ ಊರಿನ ಭಾಷೆಯೇ ತಿಳಿದಿರುವುದಿಲ್ಲ. ಚಿಕಿತ್ಸೆಯಿಂದ ಸ್ವಲ್ಪ ಚೇತರಿಸಿಕೊಂಡ ಮೇಲೆ ಅವರು ಹೇಳುವ ಹಳ್ಳಿಯ ಹೆಸರಿನ ತುಣುಕನ್ನು ಹಿಡಿದು ಊರು ಪತ್ತೆಹಚ್ಚುವುದೇ ಒಂದು ಪ್ರತ್ಯೇಕ ಕೌಶಲ. ಮಹಾರಾಷ್ಟ್ರದ ಕರ್ಜತ್‌ನಲ್ಲಿ ನೆಲೆಯಿರುವ ಶ್ರದ್ಧಾ ಪುನರ್ವಸತಿ ಪ್ರತಿಷ್ಠಾನ ಬಹುಕಾಲದಿಂದ ಮಾಡಿಕೊಂಡು ಬಂದಿರುವುದು ಇದನ್ನೇ. ಅದರ ಸ್ಥಾಪಕರಲ್ಲೊಬ್ಬರಾದ ಮನೋವೈದ್ಯ ಡಾ. ಭರತ್ ವಾಟ್ವಾನಿಯವರಿಗೆ 2018ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಹಾಗೆಂದು ಎಲ್ಲರಿಗೂ ಮರಳಲು ಮನೆ ಇರುವುದಿಲ್ಲ. ಇದ್ದ ಮನೆಯೇ ಹಿಂಸೆಯ ತಾಣವಾಗಿದ್ದು, ಅಲ್ಲಿಂದ ತಪ್ಪಿಸಿಕೊಂಡು ಬಂದವರೂ ಇರುತ್ತಾರೆ. ಮನೆಯಿಲ್ಲ, ಕುಟುಂಬ ಒಪ್ಪುತ್ತಿಲ್ಲ ಎಂಬ ಒಂದೇ ಕಾರಣಕ್ಕೆ ಯಾರನ್ನೂ ಮಾನಸಿಕ ಆಸ್ಪತ್ರೆಯಲ್ಲೇ ಉಳಿಸಿಕೊಳ್ಳುವಂತಿಲ್ಲವೆಂದು ಮೇಲೆ ಹೇಳಿದ ಕಾಯ್ದೆಯ 19ನೇ ಕಲಮು ಸ್ಪಷ್ಟವಾಗಿ ಹೇಳುತ್ತದೆ. ಚೆನ್ನೈನಲ್ಲಿ 1993ರಲ್ಲಿ ಆರಂಭವಾದ ‘ದಿ ಬ್ಯಾನಿಯನ್’ ಸಂಸ್ಥೆ, ಹೀಗೆ ಉಳಿದುಹೋದವರಿಗಾಗಿ 2015ರಿಂದ ‘ಹೋಮ್ ಅಗೇನ್’ ಎಂಬ ಕಾರ್ಯಕ್ರಮ ನಡೆಸುತ್ತಿದೆ. ನಾಲ್ಕೈದು ಮಂದಿ ಸಾಮಾನ್ಯ ಬಡಾವಣೆಯ ಬಾಡಿಗೆ ಮನೆಯಲ್ಲಿ ಸಂಸ್ಥೆಯ ಬೆಂಬಲದೊಂದಿಗೆ ಒಟ್ಟಾಗಿ ಸಂಸಾರ ಹೂಡುತ್ತಾರೆ. ಕುಟುಂಬಕ್ಕೆ ಮರಳಿಸುವುದು ಮತ್ತು ಸಂಸ್ಥೆಯಲ್ಲೇ ಉಳಿಸಿಕೊಳ್ಳುವುದು ಎಂಬ ಎರಡೇ ದಾರಿಗಳಿವೆ ಎಂದು ನಂಬಿದ್ದ ವ್ಯವಸ್ಥೆಗೆ ಮೂರನೆಯದೊಂದು ಇದೆಯೆಂದು ಇದು ತೋರಿಸಿತು.

ಬೀದಿ ಮತ್ತು ಮನೆಯ ನಡುವೆ ಇನ್ನೂ ಹಲವು ಗೋಡೆಗಳಿವೆ. ವ್ಯಸನವಿರುವ ಮನೋರೋಗಿಯನ್ನು ವ್ಯಸನಮುಕ್ತಿ ಕೇಂದ್ರ ‘ಮೊದಲು ಮನಸ್ಸಿಗೆ ಚಿಕಿತ್ಸೆಯಾಗಲಿ’ ಎಂದು ಕಳುಹಿಸುತ್ತದೆ, ಮಾನಸಿಕ ಆಸ್ಪತ್ರೆ ‘ಮೊದಲು ಕುಡಿತ ಬಿಟ್ಟು ಬರಲಿ’ ಎನ್ನುತ್ತದೆ. ಗುರುತಿನ ಚೀಟಿಯಿಲ್ಲದೆ ಪಿಂಚಣಿ ಇಲ್ಲ, ವಿಳಾಸವಿಲ್ಲದೆ ಗುರುತಿನ ಚೀಟಿ ಇಲ್ಲ. ನಗರಾಡಳಿತದ ಒಂದು ಇಲಾಖೆ ಕಾರ್ಯಕರ್ತರನ್ನು ನೇಮಿಸಿ ಬೀದಿವಾಸಿಗಳ ನಂಬಿಕೆ ಗಳಿಸಲು ಹೇಳಿದರೆ, ಇನ್ನೊಂದು ಇಲಾಖೆ ಗಣ್ಯರ ಭೇಟಿಗೋ ದೂರಿಗೋ ಮಣಿದು ಅದೇ ಜನರನ್ನು ರಾತ್ರೋರಾತ್ರಿ ಎಬ್ಬಿಸಿ ಓಡಿಸಿ, ಅವರ ಗಂಟುಮೂಟೆಯನ್ನು ಕಸವೆಂದು ಲಾರಿಗೆ ತುಂಬುತ್ತದೆ. ಲಾರಿಯಲ್ಲಿ ಹೋಗುವ ಆ ‘ಕಸ’ದಲ್ಲಿ ಮಾತ್ರೆಯ ಚೀಟಿ, ಆಸ್ಪತ್ರೆಯ ಕಾರ್ಡು, ಕಾರ್ಯಕರ್ತೆಯ ಫೋನ್ ನಂಬರ್ ಬರೆದ ಚೂರು ಎಲ್ಲವೂ ಇರುತ್ತವೆ. ಮತ್ತೆ ಆ ವ್ಯಕ್ತಿಯನ್ನು ಹುಡುಕಲು ವಾರಗಳು ಬೇಕು. ಮೊದಲಿನಿಂದ ಶುರುಮಾಡಲು ಅದಕ್ಕಿಂತ ಹೆಚ್ಚು ಬೇಕು.

ಸಂಪರ್ಕ ಕಡಿಯದಂತೆ ನೋಡಿಕೊಂಡರೆ ಎಷ್ಟು ಲಾಭ ಎಂಬುದಕ್ಕೆ ಆಧಾರವಿದೆ. ತಂಗುದಾಣದಿಂದ ಮನೆಗೆ ಹೋಗುತ್ತಿದ್ದ, ತೀವ್ರ ಮಾನಸಿಕ ಕಾಯಿಲೆಯಿದ್ದ 96 ಗಂಡಸರ ಮೇಲೆ ನ್ಯೂಯಾರ್ಕಿನಲ್ಲಿ ನಡೆದು 1997ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅರ್ಧದಷ್ಟು ಮಂದಿಗೆ ಸ್ಥಳಾಂತರದ ನಂತರವೂ ಒಂಬತ್ತು ತಿಂಗಳು ಒಬ್ಬ ಕಾರ್ಯಕರ್ತ ಜೊತೆಗಿದ್ದು, ಕ್ರಮೇಣ ಜವಾಬ್ದಾರಿಯನ್ನು ಸ್ಥಳೀಯ ಸೇವೆಗಳಿಗೂ ಬಂಧುಗಳಿಗೂ ದಾಟಿಸುವ ಏರ್ಪಾಡಿತ್ತು. ಹದಿನೆಂಟು ತಿಂಗಳಲ್ಲಿ ಅವರು ಸೂರಿಲ್ಲದೆ ಕಳೆದ ರಾತ್ರಿಗಳ ಸರಾಸರಿ 30, ಉಳಿದವರದು 91. ಹೊಸ ಔಷಧವಿಲ್ಲ, ಹೊಸ ಕಟ್ಟಡವಿಲ್ಲ, ಪರಿಚಿತ ಮುಖವೊಂದು ಸರಿಯಾದ ಹೊತ್ತಿಗೆ ಕೈಬಿಡಲಿಲ್ಲ ಅಷ್ಟೆ. ಬೀದಿಯಲ್ಲಿ ವರ್ಷಗಟ್ಟಲೆ ಇದ್ದವರಿಗೆ ಮನೆಯ ಮೊದಲ ತಿಂಗಳುಗಳು ನಾವು ಊಹಿಸುವಷ್ಟು ಸುಖದವಲ್ಲ. ಮಂಚ ಬಿಟ್ಟು ನೆಲದ ಮೇಲೆ ಮಲಗುವವರಿದ್ದಾರೆ, ಬಾಗಿಲು ಹಾಕಲು ಹೆದರುವವರಿದ್ದಾರೆ, ಮೌನದಲ್ಲಿ ಕಿವಿಯ ಧ್ವನಿಗಳು ಜೋರಾದುವೆಂದು ಹಳೆಯ ಜಾಗಕ್ಕೇ ಹಿಂತಿರುಗುವವರೂ ಇದ್ದಾರೆ.

ದುರದೃಷ್ಟವೆಂದರೆ ಅನುದಾನ ಕೊಡುವವರು ಅಳೆಯುವುದು ಈ ತಿಂಗಳುಗಳನ್ನಲ್ಲ. ವರದಿಯ ನಮೂನೆಯಲ್ಲಿರುವುದು ‘ಈ ತಿಂಗಳು ಎಷ್ಟು ಜನರನ್ನು ಸಂಪರ್ಕಿಸಲಾಯಿತು’ ಎಂಬ ಅಂಕಣ. ನೂರು ಜನರಿಗೆ ಒಂದೊಂದು ಸಾಕ್ಸ್ ಜೋಡಿ ಹಂಚಿದ ತಂಡ ಅಲ್ಲಿ ಮುಂದಿರುತ್ತದೆ. ಒಬ್ಬ ಮಹಿಳೆಯ ಬಳಿ ಹತ್ತು ಸಲ ಹೋಗಿ ಕೂತ ತಂಡ ಹಿಂದಿರುತ್ತದೆ. ಗುರಿ ಮುಟ್ಟಲೇಬೇಕಾದ ಕಾರ್ಯಕರ್ತರು ಸಹಜವಾಗಿಯೇ ಮಾತಿಗೆ ಸುಲಭವಾಗಿ ಸಿಗುವವರ ಕಡೆ ತಿರುಗುತ್ತಾರೆ, ಯಾರಿಗಾಗಿ ಈ ಕೆಲಸ ಹುಟ್ಟಿತೋ ಅವರೇ ಉಳಿದುಹೋಗುತ್ತಾರೆ. ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್‌ನಲ್ಲಿ 1970ರ ದಶಕದಲ್ಲಿ ರೂಪುಗೊಂಡ ಸಮುದಾಯ ಚಿಕಿತ್ಸಾ ತಂಡಗಳ ಮಾದರಿಯಲ್ಲಿ ಸುಮಾರು ಹತ್ತು ರೋಗಿಗಳಿಗೆ ಒಬ್ಬ ಸಿಬ್ಬಂದಿ ಎಂಬ ಅನುಪಾತವನ್ನು ಪಾಲಿಸಲಾಗುತ್ತದೆ. ಬೀದಿಯಲ್ಲಿ ದುಡಿಯುವ ಬಹಳಷ್ಟು ತಂಡಗಳಿಗೆ ಅದು ಕನಸು. ಸಂಬಳ ಕಡಿಮೆ, ನೇಮಕ ಒಂದು ವರ್ಷದ ಗುತ್ತಿಗೆಯ ಮೇಲೆ, ತಾನು ಕಂಡವರು ಸತ್ತ ಸುದ್ದಿ ಕೇಳುವುದು ಕೆಲಸದ ಭಾಗ. ಹಾಗಾಗಿ ಜನ ನಿಲ್ಲುವುದಿಲ್ಲ. ತಾವೇ ಬೀದಿಯಲ್ಲಿದ್ದು, ಕಾಯಿಲೆಯಿಂದ ಚೇತರಿಸಿಕೊಂಡು ಈ ಕೆಲಸಕ್ಕೆ ಬರುವವರ ಮಾತನ್ನು ಬೀದಿಯಲ್ಲಿರುವವರು ಬೇಗ ನಂಬುತ್ತಾರಾದರೂ, ಅವರನ್ನು ಅತಿ ಕಡಿಮೆ ಸಂಬಳದ ಹುದ್ದೆಯಲ್ಲಿಟ್ಟು ಅತಿ ಕಠಿಣ ಪ್ರಕರಣಗಳನ್ನು ಒಪ್ಪಿಸುವ ಚಾಳಿ ಎಲ್ಲೆಡೆ ಇದೆ.

ಆದ್ದರಿಂದ ಬಲವಂತದ ಕಾನೂನು ಬೇಕೋ ಬೇಡವೋ ಎಂಬ ಚರ್ಚೆಗಿಂತ ಮೊದಲು ಆಡಳಿತಗಳನ್ನು ಕೇಳಬೇಕಾದ ಪ್ರಶ್ನೆಗಳು ತೀರ ಲೌಕಿಕವಾದವು. ಈ ತಂಡದ ಗುತ್ತಿಗೆ ಎಷ್ಟು ವರ್ಷದ್ದು? ಕಾರ್ಯಕರ್ತೆ ಕೆಲಸ ಬಿಟ್ಟರೆ ಆಕೆಯ ಜಾಗಕ್ಕೆ ಬರುವವರು ಆಕೆಯ ಜೊತೆ ಕೆಲವು ವಾರ ಬೀದಿ ಸುತ್ತುತ್ತಾರೆಯೇ? ಜನರನ್ನು ಎಬ್ಬಿಸಿ ಓಡಿಸುವ ಮುನ್ನ ಆ ಇಲಾಖೆ ಈ ತಂಡಕ್ಕೆ ತಿಳಿಸುತ್ತದೆಯೇ? ಆಸ್ಪತ್ರೆಯಿಂದ ಬಿಡುಗಡೆಯಾಗುವ ದಿನವನ್ನು ಮುಂಚಿತವಾಗಿ ಹೇಳುತ್ತಾರೆಯೇ? ‘ಸರಿ, ಬರುತ್ತೇನೆ’ ಎಂದು ಒಬ್ಬರು ಸಂಜೆ ಏಳಕ್ಕೆ ಒಪ್ಪಿದರೆ, ಅಂದೇ ರಾತ್ರಿ ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಎಷ್ಟು ಕೋಣೆಗಳು ಆ ತಂಡದ ಕೈಯಲ್ಲಿವೆ? ಕೊನೆಯ ಪ್ರಶ್ನೆಗೆ ಉತ್ತರ ಸೊನ್ನೆಯಾಗಿದ್ದರೆ ಆ ತಂಡಕ್ಕೆ ಇನ್ನಷ್ಟು ಕಾರ್ಯಕರ್ತರನ್ನು ಸೇರಿಸುವುದಕ್ಕಿಂತ ಮೊದಲ ವರ್ಷದ ಹಣವನ್ನು ಕೋಣೆಗಳಿಗೇ ಹಾಕುವುದು ಒಳ್ಳೆಯದು.